ಹೊಸ್ತಿಲಲ್ಲಿ ನಿಂತ ಕನ್ಸೀಟ್

ಟೆಸ್ಟಿನ ಉತ್ತರ ಪತ್ರಿಕೆಗಳನ್ನು ಬಸ್ಸಿನಲ್ಲೇ ತಿದ್ದುವುದು ನನ್ನ ರೂಢಿ. ಲಕ್ಷ್ಮೇಶ್ವರದಿಂದ ಗದಗಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ, ಮಲ್ಲಸಮುದ್ರ ಬರುವಷ್ಟರಲ್ಲಿ ಒಂದು ಕಟ್ಟು ಮುಗಿದಿರುತ್ತದೆ. ಆ ದಿನ ಮಾತ್ರ ಅರ್ಧ ದಾರಿಯಲ್ಲೇ ಮುಗಿಯಿತು. ಒಬ್ಬನನ್ನು ಬಿಟ್ಟು ತರಗತಿಯ ಎಲ್ಲರೂ ನಮ್ಮ ಪಠ್ಯದ ಕವಿಯನ್ನು ಸೊಕ್ಕಿನ ಮನುಷ್ಯ ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ಒಬ್ಬ ಟೆಸ್ಟಿಗೆ ಬಂದಿರಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ಪದ್ಯದಲ್ಲಿರುವ ಕನ್ಸೀಟನ್ನು ವಿವರಿಸಿ. ಪದ್ಯ ಹಳೆಯ ಕಾಲದ ಇಂಗ್ಲಿಷ್ ಕವಿಯೊಬ್ಬನದು. ದೂರದೂರಿಗೆ ಹೊರಟ ಒಬ್ಬ ತನ್ನ ಎದೆಯನ್ನು ಗಡಿಯಾರಕ್ಕೆ ಹೋಲಿಸುತ್ತಾನೆ. ಕೀಲಿ ಇರುವುದು ಅವಳ ಕೈಯಲ್ಲಿ, ಅವಳು ಕೀಲಿ ಕೊಟ್ಟಷ್ಟೇ ದಿನ ಅದು ನಡೆಯುವುದು, ಗಂಟೆ ಬಡಿದರೂ ಅವಳ ಹೆಸರಿಗೇ ಬಡಿಯುವುದು. ನಿಘಂಟಿನಲ್ಲಿ ಕನ್ಸೀಟ್ ಎಂಬುದಕ್ಕೆ ಎರಡು ಅರ್ಥ. ಮೊದಲನೆಯದು ಜಂಬ, ಒಣಹೆಮ್ಮೆ. ಎರಡನೆಯದು ಹೀಗೆ ಎಲ್ಲಿಂದೆಲ್ಲಿಗೋ ಗಂಟು ಹಾಕಿ ಕಟ್ಟಿದ ಚಮತ್ಕಾರದ ಕಲ್ಪನೆ. ಮಕ್ಕಳು ಮೊಬೈಲಿನಲ್ಲಿ ಮೊದಲನೆಯದನ್ನು ನೋಡಿ ಅಲ್ಲೇ ಬೀಡುಬಿಟ್ಟಿದ್ದರು. ಶಿರಹಟ್ಟಿ ಕಡೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಬರೆದಿದ್ದಳು: ಕವಿಗೆ ಬಹಳ ಜಂಬ, ತನ್ನ ಎದೆಯನ್ನು ಗಡಿಯಾರ ಎನ್ನುತ್ತಾನೆ, ಆಗ ಗಡಿಯಾರ ಶ್ರೀಮಂತರ ಮನೆಯಲ್ಲಿ ಮಾತ್ರ ಇರುತ್ತಿತ್ತು. ತರ್ಕ ಎಷ್ಟು ಚೆನ್ನಾಗಿತ್ತೆಂದರೆ ಸೊನ್ನೆ ಹಾಕಲು ಕೈ ಬರಲಿಲ್ಲ. ಆದರೂ ಹಾಕಿದೆ.

ಬೇರೆ ಸಮಯದಲ್ಲಾಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದೆ. ಆ ತಿಂಗಳು ನಗುವ ಹಾಗಿರಲಿಲ್ಲ. ನಮ್ಮ ಕಾಲೇಜಿನ ಐಚ್ಛಿಕ ಇಂಗ್ಲಿಷ್ ವಿಭಾಗದಲ್ಲಿ ಮಕ್ಕಳು ಕಡಿಮೆ. ಮುಂದಿನ ವರ್ಷ ಅದನ್ನು ಇಡಬೇಕೋ ಮುಚ್ಚಬೇಕೋ ಎಂದು ಆಡಳಿತ ಮಂಡಳಿಯವರು ಯೋಚನೆಯಲ್ಲಿದ್ದರು. ನಿವೃತ್ತ ಪ್ರಾಧ್ಯಾಪಕರೊಬ್ಬರು ಬಂದು ನನ್ನ ಒಂದು ತರಗತಿಯಲ್ಲಿ ಕುಳಿತು ವರದಿ ಕೊಡುವುದು, ಆ ವರದಿಯಂತೆ ನಡೆಯುವುದು ಎಂದು ನಿಶ್ಚಯವಾಗಿತ್ತು. ನಾನು ಅತಿಥಿ ಉಪನ್ಯಾಸಕಿ. ಅತಿಥಿಯನ್ನು ಎದ್ದು ಹೋಗು ಎನ್ನಲು ಯಾರೂ ಕಾರಣ ಹುಡುಕಬೇಕಾಗಿಲ್ಲ. ಆದರೆ ವಿಭಾಗ ಮುಚ್ಚಿದರೆ ಮಕ್ಕಳು ಕೊನೆಯ ವರ್ಷಕ್ಕೆ ಗದಗಕ್ಕೆ ಹೋಗಬೇಕು. ಶಿರಹಟ್ಟಿ ಕಡೆಯ ಆ ಹುಡುಗಿಯನ್ನು ಮನೆಯವರು ಓದಲು ಬಿಟ್ಟಿದ್ದೇ ಲಕ್ಷ್ಮೇಶ್ವರದ ಬಸ್ಸು ಅವರ ಮನೆಯ ಮುಂದೆ ನಿಲ್ಲುತ್ತದೆ ಎಂದು. ಗದಗ ಎಂದರೆ ಅವಳ ಓದು ಅಲ್ಲಿಗೆ ಮುಗಿದಂತೆ. ನನಗೆ ಬೇರೆ ಕಾಲೇಜು ಸಿಗಬಹುದು, ಅವಳಿಗೆ ಸಿಗುವುದಿಲ್ಲ. ಪ್ರಾಂಶುಪಾಲರು ತಪಾಸಣೆಯ ದಿನದ ಪಾಠದ ವಿಷಯವನ್ನು ಮೊದಲೇ ಬರೆದು ಕಳಿಸಿಯೂ ಆಗಿತ್ತು. ಇದೇ ಪದ್ಯ, ಇದೇ ಕನ್ಸೀಟ್.

ಮರುದಿನ ಪತ್ರಿಕೆಗಳನ್ನು ಹಂಚಿದೆ. ಸೊನ್ನೆಯ ದುಃಖ ಸ್ವಲ್ಪ ಇಳಿದ ಮೇಲೆ, ಜಂಬಕ್ಕೆ ನಮ್ಮ ಕಡೆ ಏನೇನು ಅನ್ನುತ್ತಾರೆ ಹೇಳಿರಿ ಎಂದೆ. ಬೈಗುಳಕ್ಕೆ ಹತ್ತಿರದ ಮಾತು ಬಂದರೆ ಎಂಥ ತರಗತಿಯೂ ಎಚ್ಚರಾಗುತ್ತದೆ. ಸೊಕ್ಕು, ಬಡಿವಾರ, ಹಮ್ಮು, ರುಬಾಬು, ಮಿಜಾಸು, ಧಿಮಾಕು ಎಂದು ಹಲಗೆ ತುಂಬಿತು. ಆಗ ಲಕ್ಷ್ಮೇಶ್ವರದ ಹುಡುಗನೊಬ್ಬ ಎದ್ದು ನಿಂತ. ಅವರ ಮನೆಮಾತು ಉರ್ದು, ತಂದೆಯದು ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ.

"ಮೇಡಂ, ನಮ್ಮ ಮನ್ಯಾಗ ದಿಮಾಗ್ ಅಂದ್ರ ತಲಿ ರೀ, ಬುದ್ಧಿ. ಇಲ್ಲಿ ನೋಡಿದ್ರ ಧಿಮಾಕು ಅಂದ್ರ ಸೊಕ್ಕು ಅಂತಾರ. ನಮ್ಮ ಬುದ್ಧಿ ನಿಮ್ಮ ಓಣಿಗೆ ಬರೂದ್ರಾಗ ಸೊಕ್ಕು ಹೆಂಗಾತ್ರಿ?"

ಎಲ್ಲರೂ ನಕ್ಕರು. ನನಗೆ ಮಾತ್ರ ಅವನನ್ನು ಎತ್ತಿ ಮೆರವಣಿಗೆ ಮಾಡಬೇಕೆನಿಸಿತು. ಏಕೆಂದರೆ ಕನ್ಸೀಟ್ ನಡೆದ ದಾರಿಯೂ ಅದೇ. ಮೊದಲು ಅದಕ್ಕೆ ಮನಸ್ಸಿನಲ್ಲಿ ಮೂಡಿದ್ದು ಎಂದಷ್ಟೇ ಅರ್ಥ. ಬರಬರುತ್ತ ಮನಸ್ಸಿನಲ್ಲಿ ಮೂಡಿದ ಚಂದದ ಕಲ್ಪನೆಯೂ ಆಯಿತು, ತನ್ನ ಬಗ್ಗೆ ತಾನೇ ಮೂಡಿಸಿಕೊಂಡ ಭಾರೀ ಅಭಿಪ್ರಾಯವೂ ಆಯಿತು. ಇಷ್ಟನ್ನು ಹಲಗೆಯ ಮೇಲೆ ಬಾಣ ಎಳೆದು ತೋರಿಸಿದೆ. ಜಂಬದ ಕಡೆಯ ಬಾಣ ಎಲ್ಲರಿಗೂ ತಿಳಿಯಿತು. ಕಲ್ಪನೆಯ ಕಡೆಯದು ಗೋಡೆಗೆ ಬಡಿದು ಬಿದ್ದಿತು.

"ಹಂಗಾರ ಉಪಮಾ ಅಂದ್ರ ಸಾಕಲ್ರಿ ಮೇಡಂ? ಮುಖ ಚಂದ್ರನಂಗ ಐತಿ ಅಂದಂಗ," ಎಂದಳು ಶಿರಹಟ್ಟಿ ಕಡೆಯ ಹುಡುಗಿ.

ಸಾಕಾಗುವುದಿಲ್ಲ. ಚಂದ್ರನ ಹಾಗಿದೆ ಎಂದವನು ಅಷ್ಟಕ್ಕೇ ಮನೆಗೆ ಹೋಗಬಹುದು. ಎದೆ ಗಡಿಯಾರ ಎಂದವನು ಹಾಗೆ ಹೋಗುವಂತಿಲ್ಲ. ಕೀಲಿ ಯಾವುದು, ಮುಳ್ಳು ಯಾವುದು, ಲೋಲಕ ಯಾವುದು ಎಂದು ಒಂದೊಂದಕ್ಕೂ ಲೆಕ್ಕ ಕೊಡಬೇಕು. ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ, ಕೈ ಆಡಿಸಿ ಹೇಳಿದೆ. ಅವರು ತಲೆ ಆಡಿಸಿದರು. ತಲೆ ಆಡಿಸುವ ತರಗತಿಯನ್ನು ನಾನು ನಂಬುವುದಿಲ್ಲ.

ಗಡಿಯಾರವನ್ನೇ ತಂದು ತೋರಿಸಿದರೆ ಹೇಗೆ ಎಂದು ಹೊಳೆದದ್ದು ಆಗ. ಈಗಿನ ಮಕ್ಕಳು ಕೀಲಿ ಕೊಡುವ ಗಡಿಯಾರ ಕಂಡಿಲ್ಲ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದಿದೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅದಕ್ಕೆ ಕೀಲಿ ಕೊಡುವುದು ನಮ್ಮ ಮಾವನವರ ಕೆಲಸ. ಬೇರೆ ಯಾರೂ ಮುಟ್ಟುವಂತಿಲ್ಲ. ಮಾವನವರು ಒಪ್ಪಿದರು. ಅತ್ತೆ ಮಾತ್ರ ಮಗ್ಗದಿಂದ ಏಳದೆಯೇ, "ಕೆಟ್ಟು ಬಂತಂದ್ರ ನೋಡು ಮತ್ತ," ಎಂದರು.

ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಕೂಡಿಸಿಕೊಂಡು ಬಸ್ಸಿನಲ್ಲಿ ಹೊರಟೆ. ರಸ್ತೆ ಹೇಗಿದೆಯೆಂದು ಆ ಬಸ್ಸಿನಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ. ಒಂದು ಗುಂಡಿಗೆ ಗಡಿಯಾರ ನಾಲ್ಕು ಬಡಿಯಿತು, ಮುಂದಿನದಕ್ಕೆ ಒಂಬತ್ತು. ಕಂಡಕ್ಟರು ಬಂದು, "ಮೇಡಮ್ಮಾರ, ನಮ್ಮ ಬಸ್ಸು ಇಷ್ಟು ತಡಾ ಆಗೈತೇನ್ರಿ?" ಎಂದ.

ತರಗತಿಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಹಿಂದಿನ ಬಾಗಿಲು ತೆಗೆದೆ. ಮಕ್ಕಳೆಲ್ಲ ಬೆಂಚು ಬಿಟ್ಟು ಸುತ್ತ ನೆರೆದರು. ಪಂಕ್ಚರ್ ಅಂಗಡಿಯ ಹುಡುಗ ಯಾವ ಹಲ್ಲು ಯಾವ ಚಕ್ರಕ್ಕೆ ಸೇರುತ್ತದೆ ಎಂದು ಎಲ್ಲರಿಗೂ ವಿವರಿಸತೊಡಗಿದ. ಬಹಳ ಒಳ್ಳೆಯ ಪಾಠ ಅದು, ಇಂಗ್ಲಿಷಿನದಲ್ಲ ಅಷ್ಟೇ. ನಾನು ಅವರನ್ನು ಪದ್ಯದ ಕಡೆಗೆ ತಿರುಗಿಸುವಷ್ಟರಲ್ಲಿ ಗಡಿಯಾರಕ್ಕೆ ಏನಾಯಿತೋ, ಬಡಿಯತೊಡಗಿತು. ನಿಲ್ಲಲೇ ಇಲ್ಲ. ಪಕ್ಕದ ತರಗತಿಯ ಮಕ್ಕಳು ಪಿರಿಯಡ್ ಮುಗಿಯಿತೆಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದರು. ಅವರ ಹಿಂದೆಯೇ ಅವರಿಗೆ ಪಾಠ ಮಾಡುತ್ತಿದ್ದ ಅರ್ಥಶಾಸ್ತ್ರದ ಹಿರಿಯ ಸಹೋದ್ಯೋಗಿ ಬಂದು ನಮ್ಮ ಬಾಗಿಲಲ್ಲಿ ನಿಂತರು.

"ಏನ್ರಿ ಮೇಡಂ, ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಮುಚ್ಚೂಕಿಂತ ಮೊದಲ ಗಂಟಿ ಬಾರಿಸಾಕತ್ತೀರೇನು?"

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರೇ ಬುತ್ತಿ ಬಿಚ್ಚುತ್ತ ನನಗೆ ಸಮಾಧಾನ ಹೇಳಿದರು. ಮನುಷ್ಯ ಒಳ್ಳೆಯವರು, ನಾಲಿಗೆ ಮಾತ್ರ ಖಾರ. "ಯಾಕ ತಲಿ ಕೆಡಿಸ್ಕೋತೀರಿ? ನಾಲ್ಕು ಪ್ರಶ್ನೆ, ನಾಲ್ಕು ಉತ್ತರ ಬಾಯಿಪಾಠ ಮಾಡಸ್ರಿ. ನೀವು ಕೇಳಿದಾಗ ಎಲ್ಲಾರೂ ಕೈ ಎತ್ತಬೇಕು. ಉತ್ತರ ಬರಾವ್ರು ಬಲಗೈ ಎತ್ತಲಿ, ಬರಲಾರದವ್ರು ಎಡಗೈ. ನೀವು ಬಲಗೈ ಅವ್ರನ್ನ ಕೇಳ್ರಿ. ನಮ್ಮ ಸಾಲಿ ಮಾಸ್ತರು ಹಿಂಗ ಮಾಡಿ ಎಷ್ಟು ಮಂದಿ ಇನ್ಸ್‌ಪೆಕ್ಟರ್‌ಗೋಳನ್ನ ದಾಟಸ್ಯಾರು."

ಪ್ರಾಂಶುಪಾಲರಿಗೂ ಅದು ಸರಿ ಕಂಡಿತು. ನನಗೂ ಒಂದು ಗಳಿಗೆ ಸರಿಯೇ ಕಂಡಿತು ಎನ್ನುವುದನ್ನು ಯಾಕೆ ಮುಚ್ಚಿಡಲಿ. ಗಡಿಯಾರ ಮರಳಿ ಪಡಸಾಲೆಯ ಗೋಡೆ ಸೇರಿ ಮನಬಂದಷ್ಟು ಬಡಿಯತೊಡಗಿತ್ತು. ಭಾನುವಾರ ಕಳೆದರೆ ಆ ವಾರದಲ್ಲೇ ಪ್ರಾಧ್ಯಾಪಕರು ಬರುವವರಿದ್ದರು.

ಭಾನುವಾರ ನಮ್ಮ ಓಣಿಯಲ್ಲಿ ಮದುವೆ. ಮದುವೆ ಮುಗಿಸಿಕೊಂಡು ಸಂಜೆಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ನಮ್ಮ ಕಡೆ ಮದುಮಕ್ಕಳು ಸುಮ್ಮನೆ ಒಳಗೆ ಹೋಗುವಂತಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ನಾದಿನಿ ಕೈ ಚಾಚಿ ನಿಲ್ಲುತ್ತಾಳೆ. ಹುಡುಗಿ ಗಂಡನ ಹೆಸರನ್ನು, ಹುಡುಗ ಹೆಂಡತಿಯ ಹೆಸರನ್ನು ಒಡಪಿನಲ್ಲಿ ಕೂಡಿಸಿ ಹೇಳಿದರೆ ಮಾತ್ರ ದಾರಿ. ಒಡಪು ಎಂದರೆ ಪ್ರಾಸ ಕಟ್ಟಿದ ಎರಡು ಸಾಲು, ಅದರ ಹೊಟ್ಟೆಯಲ್ಲಿ ಹೆಸರು. ಬರೀ ಹೆಸರು ಹೇಳಿದರೆ ಸಪ್ಪೆ, ಹೇಳದಿದ್ದರೆ ಅಂಗಳವೇ ಗತಿ. ಮದುಮಕ್ಕಳು ಹೇಗೋ ಪಾರಾದರು. ಆಮೇಲೆ ಹೆಂಗಸರ ಕಣ್ಣು ಹಿರಿಯರ ಮೇಲೆ ಬಿತ್ತು. ನಮ್ಮ ಅತ್ತೆಯನ್ನು ಹಿಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಅಂಗಳದ ತುದಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಮಾವನವರ ಕಡೆ ನೋಡದೆಯೇ ಹೇಳಿದರು:

"ಅತ್ತ ಓಡಿ ಇತ್ತ ಓಡಿ ದಣಿಯೂದಿಲ್ಲ ಲಾಳಿ,
ಎಲ್ಲಿ ಹೋದ್ರೂ ಮನಿಗೆ ಬರತಾರ ನೀಲಕಂಠಪ್ಪ, ನಾ ಹಾಕಿಲ್ಲ ಸರಪಳಿ."

ಓಣಿಯೆಲ್ಲ ಹೋ ಎಂದಿತು. ಮಾವನವರು ಎಲೆಯನ್ನು ನುಂಗಿಯೇಬಿಟ್ಟರು. ನಾನು ಆರತಿ ತಟ್ಟೆ ಹಿಡಿದು ನಿಂತವಳು ನಿಂತಂತೆಯೇ ಇದ್ದೆ. ಮಗ್ಗದ ಲಾಳಿಗೂ ಮಾವನವರಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಅತ್ತೆ ಒಮ್ಮೆ ಗಂಟು ಹಾಕಿದ ಮೇಲೆ ಬಿಡಲಿಲ್ಲ. ಓಡುವುದೂ ಕೂಡಿತು, ತಿರುಗಿ ಬರುವುದೂ ಕೂಡಿತು, ನೂಲು ಕಾಣಿಸದಂತೆ ಹಿಡಿದಿಟ್ಟದ್ದೂ ಕೂಡಿತು. ಇದು ನನ್ನ ಹಲಗೆಯ ಎರಡನೆಯ ಬಾಣ. ಸರಪಳಿ ಹಾಕಿಲ್ಲ ಎನ್ನುವಾಗ ಅವರ ಕತ್ತು ಎತ್ತಿದ ಪರಿ ಇದೆಯಲ್ಲ, ಅದು ಮೊದಲನೆಯ ಬಾಣ. ಅಪ್ಪಟ ಜಂಬ. ಎರಡೂ ಎರಡು ಸಾಲಿನಲ್ಲಿ ಒಟ್ಟಿಗೆ ಕೂತಿದ್ದವು. ಇಂಥವನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ, ಮಕ್ಕಳೂ ಕೇಳುತ್ತ ಬಂದಿದ್ದಾರೆ. ಖುಷಿಗೆ ಜೋರಾಗಿ ನಕ್ಕುಬಿಟ್ಟೆ.

"ಇಂಗ್ಲಿಷ್ ಮೇಡಂ ನಗಾಕತ್ತಾರ ನೋಡ್ರಿ. ಆಕಿನ್ನ ಹಿಡೀರಿ," ಎಂದಳು ನಾದಿನಿಯಾಗಿ ನಿಂತಿದ್ದ ಹುಡುಗಿ.

ನನಗೆ ಬರುವುದು ಒಂದೇ ಒಡಪು. ಬೆಳ್ಳಿ ಬಟ್ಟಲು ಎಂದು ಶುರುವಾಗುವುದು, ನನ್ನ ಮದುವೆಯಲ್ಲಿ ಚಿಕ್ಕಮ್ಮನ ಮಗಳು ಹೇಳಿಕೊಟ್ಟದ್ದು. ಬೆಳ್ಳಿ ಎನ್ನುವಷ್ಟರಲ್ಲಿ ಹತ್ತು ಬಾಯಿ ತಡೆದವು. "ಅದು ಹಳೇದು! ನಿನ್ನ ಮದವ್ಯಾಗ ಕೇಳೀವಿ! ಹೊಸಾದು ಹೇಳು!" ನಾನು ಎಷ್ಟು ತಿಣುಕಿದರೂ ಬರಲಿಲ್ಲ. ಎಂ.ಎ. ಓದಿದ ಸೊಸೆ ಹೊಸ್ತಿಲ ಹೊರಗೆ, ಉಳಿದವರೆಲ್ಲ ಒಳಗೆ. ಕೊನೆಗೆ ಅತ್ತೆಯೇ ಜಾಮೀನು ನಿಂತರು.

"ಬಿಡ್ರವಾ, ಉದ್ರಿ ಇಟಗೋರಿ. ನಮ್ಮ ಮನಿ ಬಾಗಲದಾಗ ನಿಂದ್ರಿಸಿ ವಸೂಲಿ ಮಾಡೂದು ನಂದು."

ಸೋಮವಾರ ಪ್ರಾಂಶುಪಾಲರ ಕೋಣೆಗೆ ಹೋಗಿ, ಬಲಗೈ ಎಡಗೈ ಆಟ ನಾನು ಆಡಿಸುವುದಿಲ್ಲ ಎಂದೆ. ಬದಲಿಗೆ ಏನು ಮಾಡುತ್ತೇನೆ ಎಂಬುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಡಪು? ಮೇಡಂ, ಬರಾವ್ರು ಹಳೇ ಕಾಲದ ಇಂಗ್ಲಿಷ್ ಪ್ರೊಫೆಸರ್ ರೀ. ಅವರ ಕ್ಲಾಸಿನ್ಯಾಗ ಯಾರರ ಕನ್ನಡ ಮಾತಾಡಿದ್ರ ಹೊರಗ ಕಳಸ್ತಿದ್ರಂತ."

"ಗೊತ್ತೈತ್ರಿ ಸರ್. ಆದ್ರ ಬಾಯಿಪಾಠ ಮಾಡಿಸಿದ್ರ ಅವರು ಒಂದು ಅಡ್ಡ ಪ್ರಶ್ನೆ ಕೇಳಿದ ಕೂಡಲೇ ನಮ್ಮ ಹುಡುಗ್ರು ಬೀಳ್ತಾರ. ಇದ್ರಾಗಾದ್ರ ಬೀಳೂದಿಲ್ಲ."

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಆಮೇಲೆ, "ನೀವು ಹೇಳಿಲ್ಲ, ನಾ ಕೇಳಿಲ್ಲ," ಎಂದು ಕನ್ನಡಕ ಹಾಕಿಕೊಂಡರು. ಅಪ್ಪಣೆಯಾಯಿತೆಂದು ನಾನು ತಿಳಿದುಕೊಂಡೆ.

ತರಗತಿಯಲ್ಲಿ ನಿಯಮ ಹಾಕಿದೆ. ಮದುವೆಯಾಗದವರಿಗೆ ಗಂಡ ಹೆಂಡತಿ ಎಲ್ಲಿಂದ ಬರಬೇಕು? ಆದ್ದರಿಂದ ಯಾರ ಹೆಸರಾದರೂ ಸರಿ, ಯಾವ ವಸ್ತುವಾದರೂ ಸರಿ. ಹೋಲಿಕೆ ಮಾತ್ರ ತಮ್ಮ ಮನೆಯ ಕೆಲಸದಿಂದಲೇ ಬರಬೇಕು, ಒಂದೇ ಕಡೆ ಕೂಡಿದರೆ ಸಾಲದು, ಇನ್ನೊಂದು ಮತ್ತೊಂದು ಕಡೆಯೂ ಕೂಡಬೇಕು. ಹೇಳಿದ ಮೇಲೆ ಯಾವುದು ಯಾವುದಕ್ಕೆ ಹೇಗೆ ಕೂಡಿತು ಎಂದು ಇಂಗ್ಲಿಷಿನಲ್ಲಿ ಬಿಡಿಸಬೇಕು. ಮೊದಲ ದಿನ ಬಂದವೆಲ್ಲ ಹುಲಿ, ಸಿಂಹ, ಮಲ್ಲಿಗೆ. ಮನೆಯಲ್ಲಿ ಹುಲಿ ಸಾಕಿದವರು ಮಾತ್ರ ಹುಲಿ ತನ್ನಿರಿ ಎಂದು ವಾಪಸು ಕಳಿಸಿದೆ. ಎರಡನೆಯ ದಿನ ಪಂಕ್ಚರ್ ಅಂಗಡಿಯ ಹುಡುಗ ತಾಯಿಯ ಮೇಲೆ ಒಂದು ತಂದ:

"ಎಲ್ಲಿ ತೂತಂತ ನೀರಾಗ ಮುಳುಗಿಸಿ ನೋಡತಾಳ ಟ್ಯೂಬು,
ಸುಳ್ಳು ಹೇಳಿದ್ರ ಗುಳ್ಳಿ ಎಬ್ಬಸ್ತಾಳ ಅಮ್ಮಿ, ನಡಿಯೂದಿಲ್ಲ ನನ್ನ ರುಬಾಬು."

ಹಿಡಿದೆವು ಅನ್ನಿಸಿತು. ಮಗನೇ ಟ್ಯೂಬು, ಸುಳ್ಳೇ ತೂತು, ತಾಯಿಯ ಪ್ರಶ್ನೆಯೇ ನೀರು ಎಂದು ಅವನು ಇಂಗ್ಲಿಷಿನಲ್ಲಿ ಬಿಡಿಸಿದ. ಕ್ರಿಯಾಪದಗಳು ಅಲ್ಲಲ್ಲಿ ಜಾರಿದವು, ಅರ್ಥ ಜಾರಲಿಲ್ಲ. ಆ ಮೇಲೆ ತಡೆಯುವವರೇ ಇಲ್ಲವಾಯಿತು. ಕಾರಿಡಾರಿನಲ್ಲಿ ಒಡಪು, ನಳದ ಹತ್ತಿರ ಒಡಪು. ಅರ್ಥಶಾಸ್ತ್ರದವರು ಬಂದು, "ನಿಮ್ಮ ಹುಡುಗ್ರು ನಮ್ಮ ಬೇಡಿಕೆ ಪೂರೈಕೆಗೂ ಒಡಪು ಕಟ್ಟ್ಯಾರ್ರಿ," ಎಂದು ದೂರಿದರು. ದೂರಿನಲ್ಲಿ ಅಂಥ ಸಿಟ್ಟೇನೂ ಇರಲಿಲ್ಲ.

ಪ್ರಾಧ್ಯಾಪಕರು ಬರುವ ದಿನ ಪಾಠವನ್ನು ಬಾಗಿಲಿನಿಂದಲೇ ಶುರುಮಾಡುವುದೆಂದು ಗೊತ್ತುಮಾಡಿದ್ದೆ. ಶಿರಹಟ್ಟಿ ಕಡೆಯ ಹುಡುಗಿ ನಾದಿನಿ. ಹೊಸ್ತಿಲಿಗೆ ಅಡ್ಡವಾಗಿ ನಿಲ್ಲುವುದು, ಒಡಪು ಹೇಳದೆ ಯಾರನ್ನೂ ಒಳಗೆ ಬಿಡದಿರುವುದು ಅವಳ ಕೆಲಸ. ಯಾರನ್ನೂ ಎಂದು ನಾನೇ ಹೇಳಿದ್ದೆ. ಪ್ರಾಧ್ಯಾಪಕರು ಎರಡನೆಯ ಪಿರಿಯಡ್ಡಿಗೆ ಬರುತ್ತಾರೆ, ಮೊದಲನೆಯದರಲ್ಲಿ ಒಮ್ಮೆ ಆಡಿಸಿ ನೋಡೋಣ ಎಂದುಕೊಂಡು ನಾನು ಹಲಗೆಯ ಕಡೆ ತಿರುಗಿ ಪದ್ಯದ ಸಾಲುಗಳನ್ನು ಬರೆಯುತ್ತಿದ್ದೆ. ಒಬ್ಬೊಬ್ಬರಾಗಿ ಮಕ್ಕಳು ಒಡಪು ಹೇಳಿ ಒಳಗೆ ಬರುತ್ತಿದ್ದರು.

"ಅಜ್ಜಾರ, ನಿಂದರ್ರಿ. ಹೆಸರು ಹೇಳದ ಒಳಗ ಬಿಡೂದಿಲ್ರಿ."

ಈ ದನಿ ಕೇಳಿ ತಿರುಗಿದೆ. ಬಾಗಿಲಲ್ಲಿ ಬಿಳಿ ಅಂಗಿಯ ಎತ್ತರದ ಹಿರಿಯರೊಬ್ಬರು, ಹೆಗಲಲ್ಲಿ ಬಟ್ಟೆಯ ಚೀಲ. ಸ್ಕಾಲರ್‌ಶಿಪ್ ಕೇಳಲು ಮಕ್ಕಳ ಮನೆಯ ಹಿರಿಯರು ಹೀಗೆ ಬರುವುದುಂಟು. ಅವಳೂ ಹಾಗೆಯೇ ತಿಳಿದಳು. ನಾನೂ ಹಾಗೆಯೇ ತಿಳಿಯುತ್ತಿದ್ದೆ, ಅವರ ಬೆನ್ನ ಹಿಂದೆ ಪ್ರಾಂಶುಪಾಲರು ಎರಡೆರಡು ಮೆಟ್ಟಿಲು ಹಾರಿ ಬರುತ್ತಿರುವುದು ಕಾಣದಿದ್ದರೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಎರಡೂ ಕೈಯಿಂದ, ಬಿಡು ಬಿಡು ಎಂದು ಹುಡುಗಿಗೆ ಸನ್ನೆ ಮಾಡಿದರು. ಅವಳು ಅವರನ್ನೂ ಆಟಕ್ಕೆ ಬಂದವರೆಂದು ತಿಳಿದು ಕೈಯನ್ನು ಇನ್ನಷ್ಟು ಅಗಲ ಚಾಚಿದಳು.

"ಇದು ಇಂಗ್ಲಿಷ್ ಕ್ಲಾಸ್ ಅಲ್ಲ?" ಎಂದರು ಒಂದು ಪಿರಿಯಡ್ ಮೊದಲೇ ಬಂದಿದ್ದ ಪ್ರಾಧ್ಯಾಪಕರು. ಮುಖ ಗಂಟಿಕ್ಕಿತ್ತು.

"ಇಂಗ್ಲಿಷ್ ಕ್ಲಾಸ್ ರೀ ಅಜ್ಜಾರ. ಕನ್ಸೀಟ್ ನಡದೈತ್ರಿ."

"ಹಂಗೇನು? ಕನ್ಸೀಟ್ ಅಂದ್ರೇನು?"

ಒಳಗೆ ಕೂತ ಮಕ್ಕಳಿಗೆಲ್ಲ ಇವರು ಯಾರೆಂದು ಹೊಳೆದಿತ್ತು. ಅವರಿಗೆ ಪ್ರಾಂಶುಪಾಲರ ಮುಖ ಕಂಡಿತ್ತು, ಇವಳ ಕಣ್ಣು ಅಜ್ಜನ ಮೇಲೆಯೇ ಇತ್ತು. ನಾನು ಮುಂದೆ ಹೋಗಿ ಕ್ಷಮೆ ಕೇಳಬೇಕಿತ್ತು. ಹೋಗಲಿಲ್ಲ, ಹೋಗದೇ ಇದ್ದದ್ದೇ ಒಳ್ಳೆಯದಾಯಿತು.

"ಮನಸ್ಸಿನ್ಯಾಗ ಕಟ್ಟಿಕೊಂಡದ್ದು ರೀ," ಎಂದಳು ಹುಡುಗಿ. "ತನ್ನ ಬಗ್ಗೆ ತಾನ ದೊಡ್ಡದು ಕಟ್ಟಿಕೊಂಡ್ರ ಅದು ಜಂಬ. ಸಂಬಂಧ ಇಲ್ಲದ ಎರಡು ಸಾಮಾನ ತಂದು, ಎಲ್ಲಾ ಕಡೆ ಕೂಡೂ ಹಂಗ ಕಟ್ಟಿದ್ರ ಅದು ಕವಿದು. ಮೊದಲ ನನಗೂ ಗೊತ್ತಿರಲಿಲ್ರಿ. ಕವಿಗೆ ಸೊಕ್ಕು ಅಂತ ಬರದು ಸೊನ್ನಿ ತಗೊಂಡೆ."

"ಒಂದು ಹೇಳು ನೋಡೂಣು."

"ನಿಂತಲ್ಲಿ ಸಿಗಂಗಿಲ್ಲ, ಬಂದ್ರೂ ಕುಂಡ್ರಿಸಂಗಿಲ್ಲ, ಮುನಿಸ್ಕೊಂಡ ನೆಂಟ;
ಆದ್ರೂ ನನ್ನ ಕಾಲೇಜಿಗೆ ಕರಕೊಂಡ್ ಬರೂದು ಒಂಬತ್ತರ ಬಸ್ಸು, ಅದರ ಕೂಡ ನನ್ನ ಗಂಟ."

"ಇದನ್ನ ಇಂಗ್ಲಿಷಿನ್ಯಾಗ ಬಿಡಿಸು."

ಅವಳು ಬಿಡಿಸಿದಳು. ಒಂದೊಂದು ಮಾತಿಗೂ ನಿಂತು, ತಡವರಿಸಿ, ಎರಡು ಕಡೆ ಕಾಲವನ್ನು ತಪ್ಪಿಸಿ, ಆದರೂ ಕೊನೆ ಮುಟ್ಟಿಸಿದಳು. ಬಸ್ಸು ಯಾಕೆ ನೆಂಟ, ಮುನಿಸು ಎಲ್ಲಿ ಕೂಡಿತು, ಮುನಿದ ನೆಂಟನನ್ನೂ ಯಾಕೆ ಬಿಡುವಂತಿಲ್ಲ. ಪ್ರಾಧ್ಯಾಪಕರು ನಡುವೆ ಒಮ್ಮೆಯೂ ತಿದ್ದಲಿಲ್ಲ. ಮುಗಿದ ಮೇಲೆ ತಲೆಯಾಡಿಸಿ ಒಳಗೆ ಕಾಲಿಡಲು ಹೋದರು. ಚಾಚಿದ ಕೈ ಇಳಿಯಲಿಲ್ಲ.

"ನಂದು ಆತ್ರಿ ಅಜ್ಜಾರ. ಈಗ ನೀವು ನಿಮ್ಮ ಮನಿ ಅಮ್ಮಾರ ಹೆಸರು ಹೇಳ್ರಿ."

ಪ್ರಾಂಶುಪಾಲರು ಗೋಡೆಗೆ ಒರಗಿಬಿಟ್ಟರು. ಪ್ರಾಧ್ಯಾಪಕರು ಆ ಕೈಯನ್ನು ನೋಡಿದರು, ನನ್ನನ್ನು ನೋಡಿದರು, ಹಲಗೆಯ ಮೇಲಿದ್ದ ಗಡಿಯಾರದ ಪದ್ಯವನ್ನು ನೋಡಿದರು. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಕೆಮ್ಮಿದರು. ಆಮೇಲೆ ನಮ್ಮ ಕಡೆಯ ಅಚ್ಚ ದನಿಯಲ್ಲಿ ಹೇಳಿದರು:

"ಸಾವಿರ ಹಾಳಿ ಡಿಕ್ಷನರಿ ನಾ, ಮ್ಯಾಲೆ ಬರೇ ಧೂಳ;
ಜಾಡಿಸಿ ಓದಾಕಿ ಕಸ್ತೂರವ್ವ, ಆಕಿ ಮುಂದ ನಾ ಮನಿ ಆಳ."

ಮೊದಲು ನಕ್ಕದ್ದು ಪ್ರಾಂಶುಪಾಲರು. ಆಮೇಲೆ ಚಪ್ಪಾಳೆ ಎಷ್ಟು ಬಿದ್ದಿತೆಂದರೆ ಪಕ್ಕದ ತರಗತಿಯವರು ಮತ್ತೆ ಹೊರಗೆ ಬಂದರು. ಹುಡುಗಿ ಕೈ ಇಳಿಸಿ, "ಬರ್ರಿ ಅಜ್ಜಾರ, ಕುಂಡ್ರಿ," ಎಂದು ಬೆಂಚು ತೋರಿಸಿದಳು. ಇವರು ಯಾರೆಂದು ಗೆಳತಿ ಕಿವಿಯಲ್ಲಿ ಹೇಳಿದ ಮೇಲೆ ಮೂರನೆಯ ಬೆಂಚಿನ ಹಿಂದೆ ತಲೆ ಮರೆಸಿಕೊಂಡು ಕೂತವಳು ಪಾಠ ಮುಗಿಯುವವರೆಗೂ ಏಳಲಿಲ್ಲ.

ಪಾಠ ನಡೆಯಿತು. ಪದ್ಯವನ್ನು ಓದುತ್ತಿದ್ದಂತೆ ಕೀಲಿ, ಮುಳ್ಳು, ಲೋಲಕ ಎಲ್ಲವನ್ನೂ ಮಕ್ಕಳೇ ಹೆಕ್ಕಿ ಕೊಟ್ಟರು. ಕೊನೆಗೆ ಪಂಕ್ಚರ್ ಅಂಗಡಿಯ ಹುಡುಗ ಎದ್ದು ಒಂದು ಆಕ್ಷೇಪ ಎತ್ತಿದ. "ಮೇಡಂ, ಈ ಕವಿ ಎಲ್ಲಾ ಹೇಳ್ಯಾನ, ಆಕಿ ಹೆಸರು ಮಾತ್ರ ಹೇಳಿಲ್ಲ. ಇವನ್ನ ಹೊರಗ ನಿಂದ್ರಸಬೇಕ್ರಿ." ಪ್ರಾಧ್ಯಾಪಕರು ಕೊನೆಯ ಬೆಂಚಿನಲ್ಲಿ ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

ಪಾಠದ ನಂತರ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟೇ: "ಪದ್ಯಕ್ಕ ಟೈಮ್ ಕಡಿಮಿ ಆತು ಮೇಡಂ. ಅದನ್ನ ನಾ ಬರೆಯಾಂವ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಸೇರಿಸಿದರು. "ಮದುವಿ ದಿನಾ ನಮ್ಮಕ್ಕ ಹಿಂಗ ಅಡ್ಡ ನಿಂತಿದ್ಲು. ನಾ ಇಂಗ್ಲಿಷ್ ಎಂ.ಎ., ಒಡಪು ಗಿಡಪು ನನಗ ಬರೂದಿಲ್ಲ ಅಂತ ದಬಾಯಿಸಿ ಒಳಗ ಹೋಗಿದ್ದೆ. ಇವತ್ತು ಹೋಗಿ ಅಕ್ಕಗ ಹೇಳ್ತೀನಿ, ಬಾಕಿ ಮುಟ್ಟಿಸೀನಿ ಅಂತ."

ವರದಿ ಬರುವವರೆಗಿನ ದಿನಗಳಲ್ಲಿ ನಾನು ಹಗುರಾಗಿದ್ದೆ ಎಂದರೆ ಸುಳ್ಳು. ಪ್ರಾಂಶುಪಾಲರ ಕೋಣೆಯ ಮುಂದೆ ಕಾರಣವಿಲ್ಲದೆ ಹಾಯ್ದು ಹೋಗುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಅವರೇ ಕರೆದು ಓದಿದರು. ಪದ್ಯಕ್ಕೆ ಕೊಟ್ಟ ಸಮಯ ಸಾಲದು. ವಿದ್ಯಾರ್ಥಿಗಳ ವ್ಯಾಕರಣ ಸುಧಾರಿಸಬೇಕು. ಇವರು ಶಬ್ದವನ್ನು ಬಾಯಿಪಾಠ ಮಾಡಿಲ್ಲ, ಬಳಸುತ್ತಾರೆ. ಆದ್ದರಿಂದ ವಿಭಾಗವನ್ನು ಮುಂದುವರಿಸತಕ್ಕದ್ದು, ಪಾಠ ಮಾಡುತ್ತಿರುವವರನ್ನೂ ಮುಂದುವರಿಸತಕ್ಕದ್ದು. ಆಡಳಿತ ಮಂಡಳಿ ಒಪ್ಪಿಯಾಗಿತ್ತು.

ಹೊರಗೆ ಬಂದರೆ ಕಂಬದ ಮರೆಯಲ್ಲಿ ಶಿರಹಟ್ಟಿ ಕಡೆಯ ಹುಡುಗಿ ನಿಂತಿದ್ದಳು. ಕೇಳಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ. ನನ್ನ ಮುಖ ನೋಡಿ ಅರ್ಥಮಾಡಿಕೊಂಡಳೆಂದು ಕಾಣುತ್ತದೆ.

"ಹಂಗಾರ ಮುಂದಿನ ವರ್ಷಾನೂ ಬಸ್ ಪಾಸ್ ಮಾಡಿಸ್ಲೇನ್ರಿ ಮೇಡಂ?"

"ಮಾಡಸವಾ," ಎಂದೆ. ಅವಳು ಓಡಿದ ರಭಸಕ್ಕೆ ಚಪ್ಪಲಿ ಒಂದು ಕಂಬದ ಹತ್ತಿರವೇ ಉಳಿಯಿತು.

ಸಂಜೆ ಬಸ್ಸು ತಡವಾಗಿ ಗದಗ ಸೇರಿತು. ನನ್ನವರು ಎಂದಿನಂತೆ ಸ್ಟ್ಯಾಂಡಿನ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದರು. ಬಸ್ಸಿನಿಂದ ಫೋನಿನಲ್ಲಿ ಹೇಳಿದ್ದ ಸುದ್ದಿಯನ್ನೇ ದಾರಿಯುದ್ದಕ್ಕೂ ಮತ್ತೆ ಹೇಳಿದೆ. ಬೆಟಗೇರಿಯಲ್ಲಿ ಇಳಿದು ಮನೆಯ ಬಾಗಿಲಿಗೆ ಬಂದರೆ ಅತ್ತೆ ಹೊಸ್ತಿಲಿಗೆ ಅಡ್ಡವಾಗಿ ನಿಂತಿದ್ದಾರೆ. ಹಿಂದೆ ಓಣಿಯ ನಾಲ್ಕು ಹೆಂಗಸರು. ನನ್ನವರು ಸ್ಟ್ಯಾಂಡಿನಿಂದಲೇ ಫೋನು ಹಚ್ಚಿ ಸುದ್ದಿ ಮುಟ್ಟಿಸಿದ್ದರಂತೆ.

"ಹುಡುಗ್ರಿಗೆ ಕಲಸ್ತಾಳಂತ, ಪ್ರೊಫೆಸರ್‌ಗೆ ಹೇಳಿಸ್ತಾಳಂತ. ನಮ್ಮ ಉದ್ರಿ ಎಲ್ಲೈತವಾ?"

ಈ ಸಲ ತಿಣುಕಲಿಲ್ಲ. ಮಲ್ಲಸಮುದ್ರ ದಾಟಿದಾಗಲೇ ಅದು ಬಂದು ಬಾಯಲ್ಲಿ ಕೂತಿತ್ತು. ಬಂದದ್ದು ಎಷ್ಟು ಚೆನ್ನಾಗಿತ್ತೆಂಬ ಜಂಬವೂ ನನಗಿತ್ತು. ಕತ್ತು ಎತ್ತಿ ಹೇಳಿದೆ:

"ಹತ್ತಕ್ಕ ಮೂರು, ಮೂರಕ್ಕ ಹತ್ತು ಬಡೀತೈತಿ ಮನಿ ಗಡಿಯಾರ;
ಬಸ್ಸು ಯಾವಾಗ ಬಂದ್ರೂ ವೀರೇಶ ಹಾಜರ, ಟೈಮು ತಪ್ಪದ ನನ್ನ ಸರದಾರ."

ಹೆಂಗಸರು ಹೋ ಎಂದರು. ನನ್ನವರು ಸ್ಕೂಟರಿನ ಕನ್ನಡಿ ಒರೆಸತೊಡಗಿದರು. ಮಾವನವರು ಒಳಗಿನಿಂದಲೇ ಭೇಷ್ ಎಂದರು. ನಾನು ಗೆದ್ದವಳಂತೆ ಕಾಲೆತ್ತಿದೆ. ಅಷ್ಟರಲ್ಲಿ ಪಡಸಾಲೆಯ ಗಡಿಯಾರ, ಆಗಿನ್ನೂ ದೀಪ ಹಚ್ಚುವ ಹೊತ್ತು, ಹನ್ನೆರಡು ಬಡಿಯಿತು.

ಅತ್ತೆಯ ಕೈ ಇಳಿಯಲಿಲ್ಲ.

"ಅದನ್ನ ಕೆಡಿಸಿದಾಕಿ ಯಾರಂತ ನಿನ್ನ ಒಡಪಿನ್ಯಾಗ ಬರಲಿಲ್ಲಲ್ಲವಾ," ಎಂದರು. "ಆಕಿ ಹೆಸರೂ ಕೂಡಿಸಿ ಇನ್ನೊಮ್ಮೆ ಹೇಳು. ಆಮ್ಯಾಲೆ ಒಳಗ ಬಾ."